ಚಿಮಟಕ್ಕೆ ಸಿಕ್ಕ ಕಾವಲುಗಾರರು

"ಬಂದ್ರು ಅತ್ತಿಗೆ, ಹದಿನೇಳು ಜನ" ಎಂದು ಮೈದುನ ತಾರಸಿಯಿಂದ ಇಳಿದು ಬಂದು ಹೇಳಿದ ದಿನ ಅತ್ತಿಗೆ ಚಹಾಕ್ಕೆ ದೊಡ್ಡ ಪಾತ್ರೆಯನ್ನೇ ಒಲೆಗೇರಿಸಿದ್ದಳು. ಬಂದವರು ನೆಂಟರಲ್ಲ, ಟೊಮೆಟೊ ಗಿಡಕ್ಕೆ ಬಿದ್ದ ಹಸಿರು ಹುಳಗಳು ಎಂದು ತಿಳಿಯುವಷ್ಟರಲ್ಲಿ ನೀರು ಕುದಿಯುತ್ತಿತ್ತು. ಅದನ್ನು ಅವನ ತಲೆಯ ಮೇಲೆ ಸುರಿಯಬೇಕೆನಿಸಿತು. ಸುರಿಯಲಿಲ್ಲ, ಪಾತ್ರೆ ತೊಳೆಯಲು ಇಟ್ಟುಕೊಂಡಳು.

ಮೈದುನ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು. ಮದುವೆಯಾಗಲಿಲ್ಲ. ಅಣ್ಣ ತೀರಿಕೊಂಡ ಮೇಲೂ ಅತ್ತಿಗೆಯ ಮನೆಯಲ್ಲೇ, ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಉಳಿದ. ಅಂಗಡಿ ಮುಚ್ಚಿದಾಗ ಕಣ್ಣಿಗೆ ಸಿಗಿಸಿಕೊಳ್ಳುವ ಭೂತಗನ್ನಡಿ, ಸಣ್ಣ ಮೊನೆಯ ಚಿಮಟ, ಕೂರುವ ಸ್ಟೂಲು ಮನೆಗೆ ಬಂದವು. ಹಳೆಯ ಎಣ್ಣೆ ಡಬ್ಬಗಳಲ್ಲಿ ಆರು ಟೊಮೆಟೊ ಗಿಡ ನೆಟ್ಟು, ಅದೇ ಸ್ಟೂಲಿನ ಮೇಲೆ ಕೂತು, ಬಿಚ್ಚಿಟ್ಟ ಗಡಿಯಾರವನ್ನು ನೋಡುವಂತೆ ಎಲೆಯಡಿಯನ್ನು ನೋಡುತ್ತಿದ್ದ.

ಏನಾದರೂ ಮಾಡಿಕೊಳ್ಳಲಿ ಎಂದು ಬಿಡಬಹುದಿತ್ತು. ಆದರೆ ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಇನ್ನು ತಡಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಎರಡು ಸಲ ಆಪರೇಷನ್ನಿಗೆ ದಿನ ಗೊತ್ತಾಯಿತು, ಎರಡು ಸಲವೂ ಅವನು ಜಾರಿಕೊಂಡ.

"ನಾನು ಹೋಗಿ ಮಲಗಿದ್ರೆ ಇವನ್ನೆಲ್ಲ ಹೆಕ್ಕೋರು ಯಾರು?"

"ತಿಂದ್ಕೊಂಡು ಹೋಗ್ಲಿ ಬಿಡೋ. ಟೊಮೆಟೊ ಅಂಗಡೀಲಿ ಸಿಗತ್ತೆ, ಕಣ್ಣು ಸಿಗತ್ತಾ?"

"ಗಾಜು ಹಾಕ್ಕೊಂಡ್ರೆ ನಾನು ಹುಳದ ಕಾಲು ಎಣಿಸ್ತೀನಿ ಅತ್ತಿಗೆ. ನಿಮಗೆ ಹುಳಾನೇ ಕಾಣಲ್ಲ. ಕಣ್ಣು ಕೆಟ್ಟಿರೋದು ಯಾರ್ದು?"

ಇಂಥವನ ಹತ್ತಿರ ಏನು ಮಾತಾಡುವುದು?

ಹಸಿರು ಹುಳಗಳು ಮುಗಿಯುವ ಹೊತ್ತಿಗೆ ಕಾಯಿಗಳೆಲ್ಲ ತೂತಾಗಿದ್ದವು. ಉಳಿದದ್ದು ಒಂದೇ ಕಾಯಿ. ಗಡಿಯಾರಗಳಿಗೆ ಧೂಳು ಕೂರದಂತೆ ಹೊದಿಸುತ್ತಿದ್ದ ತೆಳುಬಟ್ಟೆಯನ್ನು ಅದಕ್ಕೆ ಸುತ್ತಿ ದಾರ ಕಟ್ಟಿದ. ಆಮೇಲೆ ಮೈತುಂಬ ಮುಳ್ಳಿರುವ, ಮೊಸಳೆಮರಿಯಂಥ ಚಿಕ್ಕ ಹುಳಗಳು ಕಂಡವು. ಒಂದೊಂದನ್ನೇ ಚಿಮಟದಲ್ಲಿ ಹಿಡಿದು ಸೀಮೆಎಣ್ಣೆಗೆ ಹಾಕಿದ. ಅವನು ಹೆಕ್ಕಿದಷ್ಟೂ ಚಿಗುರಿನ ರಸ ಹೀರುವ ಗಿಡದ ಹೇನು ಹೆಚ್ಚಿತು. ಚಿಗುರೆಲ್ಲ ಮುರುಟಿ, ಎಲೆಗಳು ಅಂಟಂಟಾದವು. ಅವನ ಊಟದ ತಟ್ಟೆ ತಣ್ಣಗಾಗುವುದೂ, ಅತ್ತಿಗೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿ ಗಂಟಲು ಹರಿದುಕೊಳ್ಳುವುದೂ ದಿನದ ಪಾಡಾಯಿತು.

ಕೊನೆಗೆ ಅತ್ತಿಗೆಯೇ ಅವನನ್ನು ಸಸಿ ಮಾರುವವಳ ಹತ್ತಿರ ಎಳೆದುಕೊಂಡು ಹೋದಳು. ಆಕೆ ಎಲ್ಲ ಕೇಳಿಸಿಕೊಂಡು, ತನ್ನದೇ ಒಂದು ಗಿಡದ ಎಲೆ ಮಗುಚಿ ಅಡಿಯಲ್ಲಿದ್ದ ಮುಳ್ಳುಹುಳ ತೋರಿಸಿದಳು.

"ಇದಾ?"

"ಇದೇ. ಕಳ್ಳ."

"ಕಳ್ಳ ಅಲ್ಲ ಯಜಮಾನ್ರೇ, ಕಾವಲುಗಾರ. ಗುಲಗಂಜಿ ಹುಳದ ಮರಿ. ಹೇನು ತಿಂದೇ ಬೆಳೆಯೋದು. ಕಿತ್ತಳೆ ಬಣ್ಣದ ಮಚ್ಚೆ ಅಷ್ಟು ಎದ್ದು ಕಾಣತ್ತೆ, ನೋಡ್ಲಿಲ್ವಾ?"

ಮೈದುನ ಭೂತಗನ್ನಡಿ ಸಿಗಿಸಿಕೊಂಡು ಬಗ್ಗಿದ. ತುಂಬ ಹೊತ್ತು ನೋಡಿದ.

"ಎಲ್ಲಿ ಕಿತ್ತಳೆ?"

ನಿಂತಲ್ಲಿಂದಲೇ, ಯಾವ ಗಾಜೂ ಇಲ್ಲದೆ, ಅತ್ತಿಗೆಗೆ ಅದು ಕಾಣುತ್ತಿತ್ತು. ಎರಡು ತಿಂಗಳಿಂದ ಕೂಡಿಟ್ಟಿದ್ದ ಬೈಗುಳವೆಲ್ಲ ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಅವನು ಗಾಜು ತೆಗೆದು, ಅಂಗಿಯ ಚುಂಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, "ಮುಳ್ಳು ಕಾಣತ್ತೆ. ಕಾಲು ಕಾಣತ್ತೆ. ಬಣ್ಣ ಮಾತ್ರ ಎಲ್ಲಾ ಒಂದೇ ಕಂದು" ಎಂದ.

"ನಡಿ" ಎಂದಳು ಅತ್ತಿಗೆ. "ದಿನ ಗೊತ್ತುಮಾಡಿಸಿಕೊಂಡೇ ಮನೆಗೆ ಹೋಗೋಣ."

ಅವನು ಇಲ್ಲವೆನ್ನಲಿಲ್ಲ. ಆದರೆ ದಾರಿಯುದ್ದಕ್ಕೂ "ನಲವತ್ತಮೂರು ಕೊಂದೆ ಅತ್ತಿಗೆ, ನಲವತ್ತಮೂರು" ಎಂದು ತಲೆ ತಿಂದ.

ಆಪರೇಷನ್ ದಿನ ಆಸ್ಪತ್ರೆಯ ಹಸಿರು ಅಂಗಿ ತೊಟ್ಟು, ಗಾಲಿಕುರ್ಚಿಯಲ್ಲಿ ಕೂತವನು ಭೂತಗನ್ನಡಿಯನ್ನು ಅವಳ ಕೈಗಿಟ್ಟ.

"ನಾನು ಮತ್ತೆ ತಾರಸಿ ಹತ್ತೋವರೆಗೆ ಎಲೆಯಡಿ ನೀವು ನೋಡ್ಕೊಳಿ. ಮಚ್ಚೆ ಇರೋರನ್ನ ಮುಟ್ಬೇಡಿ."

"ಮೂವತ್ತೆರಡು ಮೆಟ್ಟಿಲು. ನನ್ನ ಮಂಡಿ ಯಾರು ನೋಡ್ಕೋತಾರೆ? ಬಾಯಿ ಮುಚ್ಕೊಂಡು ಒಳಗೆ ಹೋಗು."

ನರ್ಸು ಕುರ್ಚಿ ತಳ್ಳಿದಳು. ಬಾಗಿಲಲ್ಲಿ ಅವನು ಒಂದು ಕೈ ಚಾಚಿ ಚೌಕಟ್ಟು ಹಿಡಿದುಕೊಂಡ.

"ಅತ್ತಿಗೆ, ಬಟ್ಟೆ ಕಟ್ಟಿದೀನಲ್ಲ, ಆ ಒಂದು. ಅದು ಹಣ್ಣಾದ್ರೂ ಕೀಳ್ಬೇಡಿ. ಎಷ್ಟು ಕೆಂಪಿದೆ ಅಂತ ನಾನೇ ನೋಡ್ಬೇಕು."