ತಿರುವಿನಲ್ಲಿ ಯಾವ ಕಾರು ಮೇಲು

ಸ್ನೇಹಿತರೇ, ಈಗಷ್ಟೇ ಕಡಕೊಳದಲ್ಲಿ ಆಟೊ ಇಳಿದೆ. ದಾರಿಯಲ್ಲಿ ಚಾಲಕನಿಗೂ ಅವನ ಪಕ್ಕ ಕೂತಿದ್ದವರಿಗೂ ಕಾರುಗಳ ಬಗ್ಗೆ ಜೋರು ವಾದ.

"ರೇಸ್ ಟ್ರ್ಯಾಕಿಗೆ ಅಂತ್ಲೇ ಮಾಡಿರೋ ದೊಡ್ಡ ಇಂಜಿನ್ನಿನ ಅಮೆರಿಕದ ಮಸಲ್ ಕಾರು ಕಣ್ರೀ. ಅದರ ಮುಂದೆ ಯಾವ್ದೂ ಇಲ್ಲ," ಎಂದ ಚಾಲಕ.

"ನೆಟ್ಟಗಿರೋ ರೋಡಲ್ಲಿ ಮಾತ್ರ. ತಿರುವಲ್ಲಿ ಜರ್ಮನಿ ಸ್ಪೋರ್ಟ್ಸ್ ಕಾರೇ ಸರಿ, ಬುಡಿ," ಎಂದರು ಪಕ್ಕದವರು.

"ತಿರುವಲ್ಲೂ ಎಂಗೆ ಅಂಟ್ಕೊಂಡು ಹೋಯ್ತದೆ ನೋಡಿ," ಎನ್ನುತ್ತ ಚಾಲಕ ಹ್ಯಾಂಡಲ್ ಬಿಟ್ಟು ಎರಡೂ ಕೈಯಲ್ಲಿ ತೋರಿಸತೊಡಗಿದ. ಮುಂದೆಯೇ ತಿರುವು.

"ಕೈ ಬಿಡಬೇಡಪ್ಪ. ಹೋದ ವರ್ಷ ನಮ್ಮ ಯಜಮಾನ್ರು ತೀರಿಕೊಂಡಿದ್ದು ಈ ತಿರುವಲ್ಲೇ," ಎಂದೆ ಹಿಂದಿನ ಸೀಟಿನಿಂದ.

ಚಾಲಕ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದ. ಆಮೇಲೆ ಆಟೊ ಎಷ್ಟು ಮೆಲ್ಲಗೆ ಹೋಯಿತೆಂದರೆ, ಹುಲ್ಲು ತುಂಬಿದ ಟ್ರ್ಯಾಕ್ಟರೊಂದು ನಮ್ಮನ್ನು ಹಿಂದೆ ಹಾಕಿತು. ನನಗೆ ಆ ವೇಗವೂ ಜಾಸ್ತಿಯೇ ಅನ್ನಿಸಿತು.