ಕೈ ಮುರಿದವನ ಬದಲಿಗೆ ನಾನು

ಕೆನಡಾದ ರಿಚ್ಮಂಡ್ ಹಿಲ್ಲಿನ ಕಿವಿ ಪರೀಕ್ಷೆಯ ಕ್ಲಿನಿಕ್ಕಿನಲ್ಲಿ ನರ್ಸು ನನ್ನ ಹೆಸರನ್ನು ಅವಳಿಗೆ ಬಂದ ಹಾಗೆ ಕೂಗಿದಾಗ, ಎದುರಿನ ಕುರ್ಚಿಯಲ್ಲಿದ್ದ ಬೋಳು ತಲೆಯ ಇಂಗ್ಲಿಷ್ ಮುದುಕ ಧಡಕ್ಕನೆ ಎದ್ದು ನಿಂತ.

"ಡಾಕ್ಟರ್! ಬೇಸ್ ಬಾರಿಸ್ತಿದ್ದ ಡಾಕ್ಟರ್!"

ಕಿವಿ ಮಂದವಾದವನ ಗಂಟಲು, ಇಡೀ ಕಟ್ಟಡಕ್ಕೆ ಕೇಳಿಸಿತು. ಪಕ್ಕದಲ್ಲಿ ನನ್ನ ಗಂಡ ಕೂತಿದ್ದರು. ಧಾರವಾಡದವರು, ನಿವೃತ್ತ ಇಂಜಿನಿಯರ್. ಮದುವೆಯಾಗಿ ನಲವತ್ತು ವರ್ಷ ದಾಟಿದ್ದರೂ ಈ ಸಂಗತಿಯನ್ನು ಅವರಿಗೆ ನಾನು ಹೇಳಿರಲಿಲ್ಲ.

"ಬೇಸ್ ಅಂದ್ರ? ಬೇಸ್‌ಮೆಂಟ್ ಏನು?" ಎಂದರು.

ಇನ್ನು ಹೇಳದೆ ಗತಿಯಿರಲಿಲ್ಲ. ಮೈಸೂರಿನಲ್ಲಿ ಓದು ಮುಗಿಸಿ, ಎಪ್ಪತ್ತರ ದಶಕದ ಕೊನೆಗೆ ನಾನು ಇಂಗ್ಲೆಂಡಿನ ಉತ್ತರ ಭಾಗದ ಒಂದು ಆಸ್ಪತ್ರೆ ಸೇರಿದ್ದೆ. ಒಂದು ಮಧ್ಯಾಹ್ನ ಮಣಿಕಟ್ಟು ಮುರಿದುಕೊಂಡವನೊಬ್ಬ ಬಂದ, ಪ್ಲಾಸ್ಟರ್ ಹಾಕಿದೆ. ಅವನನ್ನು ಕರೆತಂದಿದ್ದವನು ನಮ್ಮಲ್ಲೇ ಸ್ಟ್ರೆಚರ್ ತಳ್ಳುತ್ತಿದ್ದ ಪೋರ್ಟರ್. ಹಸಿರು ಬಣ್ಣದ ಕೂದಲು, ಮುಳ್ಳುಹಂದಿಯ ಹಾಗೆ ನೆಟ್ಟಗೆ. ಇಬ್ಬರದೂ ಒಂದು ಪಂಕ್ ಬ್ಯಾಂಡ್, ಅಬ್ಬರದ ರಾಕ್ ಸಂಗೀತ. ಶನಿವಾರ ಪಬ್ಬಿನಲ್ಲಿ ಕಾರ್ಯಕ್ರಮವಿದೆ, ಬೇಸ್ ಗಿಟಾರಿನವನ ಕೈ ಹೀಗಾಗಿದೆ ಎಂದು ಪೋರ್ಟರ್ ಗೋಳಾಡಿದ. ನಾನು ಎಂಟು ವರ್ಷ ವೀಣೆ ಕಲಿತವಳು, ಅದಕ್ಕೂ ತಂತಿ ಇದೆ ಎಂದು ತಮಾಷೆಗೆ ಅಂದೆ. ಅವನಿಗೆ ತಮಾಷೆ ಅರ್ಥವಾಗಲಿಲ್ಲ. ಸಂಜೆಯೇ ಗಿಟಾರ್ ತಂದುಕೊಟ್ಟ.

ಶನಿವಾರ ಡ್ಯೂಟಿ ಮುಗಿದದ್ದೇ ತಡ, ಬಿಳಿ ಕೋಟಿನಲ್ಲೇ ಓಡಿದೆ. ಅದು ವೇಷ ಅಂದುಕೊಂಡು ಜನ ಹುಚ್ಚೆದ್ದು ಕುಣಿದರು. ಮುರಿದ ಕೈ ಕೂಡಿಕೊಂಡ ಮೇಲೂ ಅವನು ವಾಪಸು ಬರಲಿಲ್ಲ, ನಾನು ಬಿಡಲಿಲ್ಲ. ಹಾಡುವವನು ಪೋರ್ಟರ್, ಡ್ರಮ್ ಬಾರಿಸುವವಳು ಆಸ್ಪತ್ರೆ ಅಡುಗೆಮನೆಯ ಹುಡುಗಿ, ಬೇಸ್ ನಾನು. ಊರೂರಿನ ಪಬ್ಬುಗಳು, ಒಂದು ಪುಟ್ಟ ರೆಕಾರ್ಡು, ರೇಡಿಯೋದಲ್ಲಿ ಎರಡು ಸಲ ನಮ್ಮ ಹಾಡು! ಎರಡನೇ ಸಲ ಬಂದಾಗ ವಾರ್ಡಿನ ರೋಗಿಗಳೆಲ್ಲ ಚಪ್ಪಾಳೆ ತಟ್ಟಿದರು.

ಬ್ಯಾಂಡ್ ಮುರಿದುಬಿದ್ದದ್ದು ಹಾಡಿನ ವೇಗದ ವಿಷಯಕ್ಕೆ. ಇನ್ನೂ ಜೋರಾಗಿ ಓಡಿಸು ಎಂದು ಪೋರ್ಟರ್, ನಾನು ಬಾರಿಸುವ ವೇಗಕ್ಕೆ ನೀನು ಹಾಡು ಎಂದು ಡ್ರಮ್ಮಿನ ಹುಡುಗಿ. ಒಂದು ದಿನ ಪೆಟ್ರೋಲ್ ಬಂಕಿನಲ್ಲಿ ಅವಳು ವ್ಯಾನಿನಿಂದ ಇಳಿದು, ಒಂದು ಡ್ರಮ್ಮನ್ನು ಕಂಕುಳಲ್ಲಿ ಅವುಚಿಕೊಂಡು ಬಸ್ಸು ಹತ್ತಿ ಹೋದಳು. ಬ್ಯಾಂಡ್ ಅಲ್ಲಿಗೆ ಮುಗಿಯಿತು. ಆ ವರ್ಷವೇ ಮದುವೆಯಾಗಿ ನಾನು ಕೆನಡಾಕ್ಕೆ ಬಂದೆ.

ಈ ಬೋಳು ತಲೆಯವನೇ ಆ ಪೋರ್ಟರ್. ಅವನೂ ಮುಂದೆ ಇಲ್ಲಿಗೇ ಬಂದು, ಪಿಕರಿಂಗ್‌ನ ಅಣುಸ್ಥಾವರದಲ್ಲಿ ವೆಲ್ಡರ್ ಆಗಿ ನಿವೃತ್ತನಾಗಿದ್ದ. ಮೂವತ್ತು ಚಿಲ್ಲರೆ ಕಿಲೋಮೀಟರು ದೂರದಲ್ಲಿ ಇಷ್ಟು ಕಾಲ! ಇನ್ನೊಂದು ಸಲ ಒಟ್ಟಿಗೆ ಬಾರಿಸೋಣ ಎಂದು, ಅವನ ಹತ್ತಿರ ಇನ್ನೂ ಇದ್ದ ನಂಬರಿನಿಂದ ಕ್ಲಿನಿಕ್ಕಿನಲ್ಲೇ ಇಂಗ್ಲೆಂಡಿನ ಡ್ರಮ್ಮರಿಗೆ ಫೋನ್ ಮಾಡಿದೆವು. "ಅವನು ಕ್ಷಮೆ ಕೇಳಿದ್ರೆ ಬರ್ತೀನಿ" ಎಂದಳು. ಅವನು ಕೇಳಿದ. ಅವಳಿಗೆ ಸರಿಯಾಗಿ ಕೇಳಿಸಲಿಲ್ಲ, ಮೂರು ಸಲ ಕೇಳಬೇಕಾಯಿತು.

"ಈ ವಯಸ್ಸಿನ್ಯಾಗ ಇದೇನ ಹಚ್ಚೀಯೇ?" ಎಂದು ಎರಡು ದಿನ ರೇಗಿದ ನನ್ನ ಗಂಡ ಮೂರನೇ ದಿನ ಬೇಸ್‌ಮೆಂಟು ಖಾಲಿ ಮಾಡಿಕೊಟ್ಟರು. ಡ್ರಮ್ಮರ್ ವಿಮಾನ ಇಳಿದು ಬಂದು ಅಭ್ಯಾಸ ಶುರುವಾದ ಮೇಲೆ, ದಿನಾ ಗಿರಮಿಟ್ ಮಾಡಿ ತಂದಿಟ್ಟು ಮೆಟ್ಟಿಲ ಮೇಲೆ ಕೂತು ಕೇಳತೊಡಗಿದರು. ಯೂನಿಯನ್‌ವಿಲ್ಲಿನಿಂದ ಮಗಳು ಬಂದು, "ಅಮ್ಮಾ, ಯೂ? ಪಂಕ್?" ಎಂದು ಸೋಫಾದ ಮೇಲೆ ಉರುಳಿ ಉರುಳಿ ನಕ್ಕಳು.

ಪಿಕರಿಂಗ್‌ನ ಒಂದು ಸಭಾಂಗಣದಲ್ಲಿ ಭಾನುವಾರ ಮಧ್ಯಾಹ್ನ ಕಾರ್ಯಕ್ರಮ. ಪೋರ್ಟರನ ಹಳೆಯ ಸಹೋದ್ಯೋಗಿಗಳು ಒಂದು ಕಡೆ, ರೇಷ್ಮೆ ಸೀರೆ ಉಟ್ಟು ಬಂದ ನನ್ನ ಕನ್ನಡದ ಗೆಳತಿಯರು ಮುಂದಿನ ಸಾಲಿನಲ್ಲಿ. ಎರಡು ಹಾಡು ಚೆನ್ನಾಗಿಯೇ ಹೋದವು. ಮೂರನೆಯದರ ನಡುವೆ ಪೋರ್ಟರ್ ಹಿಂದಕ್ಕೆ ತಿರುಗಿ, "ಜೋರಾಗಿ!" ಅಂದ. ಅವಳು ಕೋಲುಗಳನ್ನು ಕೆಳಗಿಟ್ಟು ಕೈಕಟ್ಟಿ ಕೂತಳು. ಅದೇ ಜಗಳ, ಎಲ್ಲರ ಎದುರಿಗೆ! ಆದರೆ ನನ್ನ ಬೆರಳು ನಿಲ್ಲಲಿಲ್ಲ. ನಾಲ್ಕು ತಂತಿಯ ಮೇಲೆ ಒಬ್ಬಳೇ ಬಾರಿಸುತ್ತಾ, ಸಿಟ್ಟು ನೆತ್ತಿಗೇರಿ, ಮೈಕಿನಲ್ಲಿ ಕನ್ನಡದಲ್ಲೇ ಕಿರುಚಿಬಿಟ್ಟೆ:

"ಸಾಕು! ಬಾರ್ಸಿ!"

ಗೆಳತಿಯರಿಗೆ ಇದು ಹಾಡೇ ಇರಬೇಕು ಅನ್ನಿಸಿತೋ ಏನೋ, ಚಪ್ಪಾಳೆ ತಟ್ಟುತ್ತಾ "ಸಾಕು! ಬಾರ್ಸಿ!" ಎಂದು ಶುರುಮಾಡಿದರು. ವೆಲ್ಡರುಗಳು ಎದ್ದು ನಿಂತು "ಸಾಕೂ ಬಾರ್ಸೀ!" ಎಂದು ಬೂಟು ಕುಟ್ಟಿದರು. ಅರ್ಥ ಗೊತ್ತಿಲ್ಲದ ಡ್ರಮ್ಮರ್ ನಗು ತಡೆಯಲಾರದೆ ಕೋಲು ಎತ್ತಿಕೊಂಡು ಆ ಕೂಗಿಗೆ ಸರಿಯಾಗಿ ಬಡಿದಳು, ಪೋರ್ಟರ್ ಗಂಟಲು ಹರಿಯುವ ಹಾಗೆ ಅದನ್ನೇ ಹಾಡಿದ. ಗೆಳತಿಯೊಬ್ಬಳ ತುರುಬು ಬಿಚ್ಚಿಹೋಯಿತು. ನನ್ನ ಗಂಡ ಕುರ್ಚಿ ಹತ್ತಿದ್ದರು. ಬೀಳ್ತೀರಿ ಇಳೀರಿ ಅನ್ನಲು ನನಗೆ ಬಿಡುವಿರಲಿಲ್ಲ.

ಮರುದಿನ ಬೆರಳುಗಳಲ್ಲೆಲ್ಲ ಬೊಬ್ಬೆ. ನಮ್ಮ ಕನ್ನಡ ಬಳಗದ ಹಿರಿಯರೊಬ್ಬರು ಫೋನ್ ಮಾಡಿ, ರಾಜ್ಯೋತ್ಸವಕ್ಕೆ ನಿಮ್ಮ ತಂಡ ಬರಲೇಬೇಕು ಎಂದರು. "ಆದ್ರೆ ಪ್ರೋಗ್ರಾಮ್ ಲಿಸ್ಟಲ್ಲಿ ಏನಂತ ಹಾಕ್ಲಿ ಮೇಡಂ? ಭಾವಗೀತೆ ಅಂತ್ಲಾ?"

"ಹಾಕಿ ಸರ್, ನಮ್ಮದೂ ಭಾವನೇ" ಎಂದೆ.

ಡ್ರಮ್ಮರ್ ವಾಪಸು ಹೋಗುವ ಟಿಕೆಟನ್ನು ನವೆಂಬರ್ ಕೊನೆಗೆ ಮುಂದೂಡಿದ್ದಾಳೆ.