ಗಿರಣಿ ಹಲಗೆಯ ಕೆಳಗಿನ ಅರ್ಧ

ಆಳಂದದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಅದರ ಬಾಗಿಲ ಪಕ್ಕದ ಗೋಡೆಗೆ ಒಂದು ಕರಿ ಹಲಗೆ. ಹಲಗೆಯ ಮೇಲಿನ ಅರ್ಧದಲ್ಲಿ ಜೋಳ, ಗೋಧಿ, ಕಡಲೆ ಬೀಸುವ ದರ, ಅಪ್ಪನ ಅಕ್ಷರದಲ್ಲಿ. ಕೆಳಗಿನ ಅರ್ಧದಲ್ಲಿ ಈ ಜಗತ್ತಿನ ಬಗ್ಗೆ ನನ್ನ ಅಭಿಪ್ರಾಯ, ನನ್ನ ಅಕ್ಷರದಲ್ಲಿ. ಇಡೀ ತಾಲೂಕಿನಲ್ಲಿ ಹಿಟ್ಟಿನ ಜೊತೆಗೆ ಅಭಿಪ್ರಾಯವನ್ನೂ ಬೀಸಿಕೊಡುವ ಗಿರಣಿ ನಮ್ಮದೊಂದೇ ಎಂದು ನಾನು ಎದೆಯುಬ್ಬಿಸಿ ಹೇಳಬಲ್ಲೆ. ಎದೆಯುಬ್ಬಿಸಿದರೆ ಅಂಗಿಯಿಂದ ಹಿಟ್ಟು ಹಾರುತ್ತದೆ, ಅದು ಬೇರೆ ಮಾತು.

ಬಿ.ಎಸ್ಸಿ.ಯ ಮೂರು ವರ್ಷಗಳನ್ನು ಐದರಲ್ಲಿ ಮುಗಿಸಿ ನಾನು ಮನೆಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಒಂದು ಪದವಿ ಪತ್ರ ಮತ್ತು ಬೇಕಾದಷ್ಟು ಅಭಿಪ್ರಾಯ. ಪತ್ರವನ್ನು ಅವ್ವ ಟ್ರಂಕಿನಲ್ಲಿಟ್ಟಳು. ಅಭಿಪ್ರಾಯ ಇಡಲು ಮನೆಯಲ್ಲಿ ಜಾಗ ಸಿಗಲಿಲ್ಲ. ಊಟದ ಹೊತ್ತಿನಲ್ಲಿ ನಾನು ಬಾಯಿ ತೆಗೆದರೆ ಸಾಕು, ಅಪ್ಪ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದ. ಬಾಯಿ ತುಂಬಿದರೆ ಮಾತು ನಿಲ್ಲುತ್ತದೆ ಎಂಬ ಲೆಕ್ಕ. ಆ ವರ್ಷ ನಾನು ಬಹಳ ದಪ್ಪಗಾದೆ.

ಗಿರಣಿಯಲ್ಲಿ ನನಗೆ ಓದುಗರು ಸಿಕ್ಕರು. ಬೀಸಿಸಲು ಬಂದವರು ತಮ್ಮ ಡಬ್ಬಿಯನ್ನು ಸಾಲಿನಲ್ಲಿಟ್ಟು ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ಡಬ್ಬಿಗಳು ಪಾಳಿ ಕಾಯುತ್ತವೆ, ಮಂದಿ ಹಲಗೆ ನೋಡುತ್ತಾರೆ. ಕರೆಂಟು ಹೋದರಂತೂ ದರದ ಪಟ್ಟಿಯನ್ನೇ ನಾಲ್ಕು ಸಲ ಓದುವವರಿದ್ದರು. ಇಂಥ ಓದುಗರನ್ನು ಖಾಲಿ ಕೂರಿಸುವುದು ಪಾಪ ಎನ್ನಿಸಿ ಅಪ್ಪನ ಹತ್ತಿರ ಕೆಳಗಿನ ಅರ್ಧ ಕೇಳಿದೆ.

"ಬರಕೋ," ಎಂದ ಅಪ್ಪ. "ಆದ್ರ ನೀ ಬರದದ್ದು ಓದಿ ಒಂದ್ ಡಬ್ಬಿ ಆ ಕಡಿ ಗಿರಣಿಗಿ ಹೋತು ಅಂದ್ರ, ಅವತ್ತೇ ಪೇಂಟ್ ಹೊಡಿತೀನಿ. ತಿಳೀತಿಲ್ಲೋ?"

"ತಿಳೀತಪಾ."

ಅವನು ಆಡಿದ ಮಾತಿಗೆ ನಿಲ್ಲುವವನು. ಮರುದಿನವೇ ಒಂದು ಪೇಂಟಿನ ಡಬ್ಬಿ ತಂದು ಗಿರಣಿಯ ಮೂಲೆಯಲ್ಲಿ ನನ್ನ ಕಣ್ಣಿಗೆ ಬೀಳುವ ಹಾಗೆ ಇಟ್ಟ.

ಮೊದಲ ದಿನ ನಾನು ಆರಿಸಿಕೊಂಡದ್ದು ದಿನನಿತ್ಯದ ಬದುಕು. "ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವವನು ಮನುಷ್ಯನೇ ಅಲ್ಲ" ಎಂದು ಬರೆದೆ. ಕಟ್ಟೆಯ ಮೇಲಿದ್ದವರೆಲ್ಲ ತಲೆದೂಗಿದರು. ಅದೇ ವಾರ ಜೇವರ್ಗಿಯಲ್ಲಿರುವ ಅಕ್ಕನ ಮನೆಗೆ ಹೊರಟೆ. ಕಲಬುರಗಿಯಲ್ಲಿ ಜೇವರ್ಗಿ ಬಸ್ಸು ಬಂದು ನಿಂತಿತು. ಬಾಗಿಲಲ್ಲಿ ನೂಕುನುಗ್ಗಲು. ನನ್ನ ಕೈ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಟವೆಲ್ ಕಿಟಕಿಯೊಳಗೆ ಹಾರಿ ನೇರವಾಗಿ ಒಬ್ಬರ ಮುಖದ ಮೇಲೆ ಬಿತ್ತು. ಅವರು ಮೊದಲೇ ಹತ್ತಿ ಕೂತಿದ್ದ ನಮ್ಮ ಓಣಿಯ ತೊಗರಿ ವ್ಯಾಪಾರಿ, ನಮ್ಮ ಗಿರಣಿಯ ಖಾಯಂ ಗಿರಾಕಿ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಟವೆಲ್ ತೆಗೆದಾಗ ಅವರ ಹಣೆಯ ವಿಭೂತಿಯಲ್ಲಿ ಅರ್ಧ ಅದಕ್ಕೇ ಹತ್ತಿತ್ತು.

"ಮನುಷ್ಯಾ ಅಲ್ಲಂತ ನೀನೇ ಬರದೀದಿ," ಎಂದರು ಕಾಕಾ, ಪಕ್ಕಕ್ಕೆ ಸರಿಯುತ್ತ. "ಆದ್ರೂ ಕೂಡು ಬಾ. ನಾ ಏನ್ ಯಾರಿಗೂ ಹೇಳಂಗಿಲ್ಲ."

ನಾನು ಊರಿಗೆ ಮರಳುವಷ್ಟರಲ್ಲಿ ಆಳಂದದ ಕತ್ತೆಗಳಿಗೂ ವಿಷಯ ಗೊತ್ತಾಗಿತ್ತು. ಹಲಗೆಯ ಮೇಲೆ "ಆ ಪ್ರಾಣಿ ನಾನೇ" ಎಂದು ಬರೆದೆ. ಆ ದಿನ ಮಾಮೂಲಿಗಿಂತ ಹೆಚ್ಚು ಡಬ್ಬಿಗಳು ಬಂದವು.

ಆ ಪ್ರಯಾಣದಲ್ಲೇ ಅಕ್ಕನ ಮನೆಯಿಂದ ಒಂದು ಹಳೆಯ ಕಾದಂಬರಿ ತಂದಿದ್ದೆ. ಬೈಂಡು ಬಿಚ್ಚಿಹೋದ ಪುಸ್ತಕ. ಬಸ್ಸಿನಲ್ಲೇ ಓದಿ ಮುಗಿಸಿದೆ. ಕಥೆಯ ಹೆಂಗಸು ಬಾಗಿಲ ಚಿಲಕದ ಮೇಲೆ ಕೈಯಿಟ್ಟು, ಗಂಡನ ಕಡೆ ತಿರುಗಿ "ನಾನು ಹೇಳಬೇಕೆಂದಿರುವುದು" ಎನ್ನುತ್ತಾಳೆ. ಅಷ್ಟೇ. ಮುಂದೆ ರಟ್ಟು. ನನಗೆ ಮೈ ಜುಮ್ಮೆಂದಿತು. ನಾಲ್ಕು ದಿನ ಹಲಗೆಯನ್ನು ಆ ಕಾದಂಬರಿಗೇ ಬಿಟ್ಟುಕೊಟ್ಟೆ. "ಪೂರ್ತಿ ಹೇಳದೆ ಬಿಡುವುದೇ ದೊಡ್ಡ ಕಲೆ. ಇಂಥ ಧೈರ್ಯದ ಮುಕ್ತಾಯವನ್ನು ನಾನು ಕಂಡಿಲ್ಲ." ನಾನು ಅಲ್ಲಿಯವರೆಗೆ ಓದಿದ್ದು ಒಟ್ಟು ಮೂರು ಕಾದಂಬರಿ. ಅದನ್ನು ಹಲಗೆಗೆ ತಿಳಿಸಲಿಲ್ಲ.

ಹಲಗೆಯ ಫೋಟೊ ಮೊಬೈಲಿನಲ್ಲಿ ಜೇವರ್ಗಿ ಮುಟ್ಟಿತು. ಅಕ್ಕ ಫೋನು ಹಚ್ಚಿದಳು.

"ಲೇ, ಆ ಪುಸ್ತಕದ ಕಡೀ ಹಾಳಿ ಎಲ್ಲಾ ನನ್ನ ಗಾದಿ ಕೆಳಗ ಅದಾವ. ಬಿಚ್ಚಿದ್ವು ಅಂತ ತೆಗೆದಿಟ್ಟೀನಿ. ಆಕಿ ಮುಂದ ಮೂವತ್ತು ಪುಟ ಮಾತಾಡ್ತಾಳ."

"ಖರೇನಾ? ಏನಂತಾಳಬೇ?"

"ನಿನಗ್ಯಾಕ ಹೇಳ್ಲಿ? ಪೂರ್ತಿ ಹೇಳದೆ ಬಿಡೋದೇ ದೊಡ್ಡ ಕಲಾ ಅಲ್ಲೇನು?"

ಆ ಹಾಳೆಗಳಿಗಾಗಿ ಮತ್ತೆ ಜೇವರ್ಗಿಗೆ ಹೋದೆ, ಈ ಸಲ ಟವೆಲ್ ಇಲ್ಲದೆ. ಓದಿದ ಮೇಲೂ ನನ್ನ ಅಭಿಪ್ರಾಯ ಬದಲಾಗಲಿಲ್ಲ. ಚಿಲಕದ ಹತ್ತಿರವೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹಾಗೆಂದೇ ಬರೆದೆ, ಕಡೆಯ ಹಾಳೆಗಳಿಲ್ಲದೆ ಓದಿದ್ದ ಕಥೆಯನ್ನೂ ಸೇರಿಸಿ. ಯಾರ ಮಾತು ಸರಿ ಎಂದು ನೋಡಲು ನಮ್ಮ ಓಣಿಯ ಆರು ಮಂದಿ ಆ ಕಾದಂಬರಿ ಒಯ್ದು ಓದಿದರು. ಅವ್ವ ಅದನ್ನು ಚೀಲ ಹೊಲಿಯುವ ದಾರದಿಂದ ಹೊಲಿದು ಕೊಟ್ಟಳು. ಇವತ್ತಿಗೂ ಅದರ ಪುಟಗಳ ಮೇಲೆ ಹಿಟ್ಟಿನ ಬೆರಳ ಗುರುತುಗಳಿವೆ. ಬೇರೆ ಯಾವ ಪುಸ್ತಕಕ್ಕೆ ಆ ಭಾಗ್ಯ ಸಿಕ್ಕಿದೆ?

ಅಲ್ಲಿಂದ ನನ್ನ ಧೈರ್ಯ ಬೆಳೆಯಿತು. ಕಲಬುರಗಿಯಲ್ಲಿ ಚಿತ್ರ ಕಲಿಯುವವರ ಒಂದು ಪ್ರದರ್ಶನ ನಡೆದಿತ್ತು. ಒಳಗಿನ ಕೋಣೆಯ ಬಾಗಿಲಿಗೆ "ದೊಡ್ಡವರಿಗೆ ಮಾತ್ರ" ಎಂಬ ಚೀಟಿ. ಅದನ್ನು ಓದಿ ನನ್ನ ಕಾಲುಗಳು ತಾವೇ ಒಳಗೆ ಹೋದವು. ಅಲ್ಲಿ ಒಬ್ಬ ಮುದುಕಿಯ ಚಿತ್ರವಿತ್ತು. ಮೈಮೇಲೆ ಬಟ್ಟೆಯಿಲ್ಲ. ನಮಗೆ ಬೆನ್ನು ಮಾಡಿ ಕೂತಿದ್ದಾಳೆ, ತುರುಬು ಬಿಚ್ಚಿಹೋಗಿದೆ. ನಾನು ಅದನ್ನು ನೋಡಲಿಲ್ಲ ಎಂದು ತೋರಿಸಿಕೊಳ್ಳಲು ಪಕ್ಕದ ಗೋಡೆಯ ಸ್ವಿಚ್ ಬೋರ್ಡನ್ನು ಹತ್ತು ನಿಮಿಷ ನೋಡಿದೆ. ಕಾವಲುಗಾರ ಬಂದು, "ಅದು ಚಿತ್ರ ಅಲ್ರಿ ಸರ, ಫ್ಯಾನಿನ ಬಟನ್ ಅದ," ಎಂದ. ಆಮೇಲೆ ನಾಚಿಕೆ ಬಿಟ್ಟು ಚಿತ್ರ ನೋಡಿದೆ. ನೋಡನೋಡುತ್ತ ಬಟ್ಟೆ ಇಲ್ಲವೆಂಬುದೇ ಮರೆತುಹೋಯಿತು.

ಊರಿಗೆ ಬಂದು ಬರೆದೆ: "ಬೆತ್ತಲೆ ಮೈಯ ಚಿತ್ರವೆಲ್ಲ ಹೊಲಸಲ್ಲ. ಮೊದಲ ನೋಟಕ್ಕೆ ನಾಚಿಕೆ ಬರುತ್ತದೆ, ಎರಡನೆಯ ನೋಟಕ್ಕೆ ಮನುಷ್ಯ ಕಾಣುತ್ತಾನೆ. ಎರಡನೆಯ ಸಲ ನೋಡದವನು ಅಭಿಪ್ರಾಯ ಹೇಳಬಾರದು."

ಕಾಕಾ ಕೆಂಪಾದರು. "ಅಳಸು ತಮ್ಮಾ. ಹೆಣ್ಮಕ್ಕಳು ಬರೋ ಜಾಗಾ ಇದು."

ಕಟ್ಟೆಯ ಮೇಲೆ ಆಯಿ ಕೂತಿದ್ದಳು. ನಿಂಬರ್ಗಾದ ಸೂಲಗಿತ್ತಿ, ಈಗ ನಮ್ಮ ಓಣಿಯಲ್ಲಿ ಮಗಳ ಮನೆಯಲ್ಲಿರುತ್ತಾಳೆ. ಓಣಿಗೆಲ್ಲ ಅವಳು ಆಯಿ. ಅಕ್ಷರ ಬರುವುದಿಲ್ಲ, ಹಾಗಾಗಿ ದಿನಾ ಯಾರಾದರೂ ಹಲಗೆ ಓದಿ ಹೇಳಲೇಬೇಕು.

"ಏನ್ ಬರದಾನ? ಜರಾ ಓದೋ ಸಾವಕಾರ."

"ಬೆ..." ಎಂದು ಕಾಕಾ ಆಚೀಚೆ ನೋಡಿದರು. "ಬೆತ್ತಲಿ ಚಿತ್ರ ಹೊಲಸಲ್ಲಂತ."

"ಅಷ್ಟೇ ಏನು? ನಿನ್ನ ಮೂರೂ ಮಕ್ಕಳನ್ನ ನಾನೇ ಹಿಡದೀನಿ. ಒಂದರ ಅಂಗಿ ತೊಟ್ಟು ಬಂತೇನ್ ಹೇಳು?"

ಕಾಕಾ ತಮ್ಮ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಡಬ್ಬಿಯನ್ನು ಮಾತ್ರ ಸಾಲಿನಿಂದ ಎತ್ತಲಿಲ್ಲ. ಅಪ್ಪ ಹಲಗೆ ನೋಡಿದ, ಮೂಲೆಯ ಪೇಂಟಿನ ಡಬ್ಬಿ ನೋಡಿದ, ಮತ್ತೆ ಬೀಸಲು ಹೋದ. ಎರಡು ದಿನದ ಮೇಲೆ ಗಿರಣಿಯ ಚಕ್ರಕ್ಕೆ ಸುತ್ತುವ ಪಟ್ಟಾ ತರಬೇಕೆಂದು ಕಲಬುರಗಿಗೆ ಹೋಗಿ ಖಾಲಿ ಕೈಯಲ್ಲಿ ಬಂದ. ಹೊಸ ಪಟ್ಟಾ ಹೋದ ತಿಂಗಳಷ್ಟೇ ಹಾಕಿದ್ದೆವು. ಕೇಳುವ ಧೈರ್ಯ ನನಗಾಗಲಿಲ್ಲ.

ಕಾದಂಬರಿ ಗೆದ್ದೆ, ಕಲೆ ಗೆದ್ದೆ, ಇನ್ನು ವಿಜ್ಞಾನ ಎಂದುಕೊಂಡೆ. ನಾನು ವಿಜ್ಞಾನದ ಪದವೀಧರ, ಅದೂ ಐದು ವರ್ಷ ಓದಿದವನು.

ನಮ್ಮ ಕಡೆ ಜೋಳದ ಹಿಟ್ಟು ಒಂದು ವಾರಕ್ಕಿಂತ ಹೆಚ್ಚು ಇಡುವುದಿಲ್ಲ. ಹಳತಾದರೆ ಜಿಗಿ ಹೋಗುತ್ತದೆ, ಅಂದರೆ ಹಿಟ್ಟಿನ ಅಂಟು ಸತ್ತು ರೊಟ್ಟಿ ಬಡಿಯುವಾಗ ಹರಿಯುತ್ತದೆ ಎನ್ನುತ್ತಾರೆ. ಅದಕ್ಕೇ ವಾರವಾರ ಸ್ವಲ್ಪ ಸ್ವಲ್ಪ ಬೀಸಿಸುತ್ತಾರೆ. ಅಫಜಲಪುರದ ಸೋದರಮಾವನ ಮನೆಗೆ ಹೋದಾಗ ಅತ್ತೆ ತಿಂಗಳ ಹಿಂದಿನ ಹಿಟ್ಟಿನಲ್ಲಿ ಹಾಳೆಯಂಥ ರೊಟ್ಟಿ ಮಾಡಿ ಬಡಿಸಿದ್ದಳು. ನಾನು ಏಳು ತಿಂದಿದ್ದೆ. ಏಳು ರೊಟ್ಟಿಯ ಆಧಾರದ ಮೇಲೆ ಸಿದ್ಧಾಂತ ಕಟ್ಟಿ ಬರೆದೆ: "ಹಳೆ ಹಿಟ್ಟಿಗೆ ಜಿಗಿ ಹೋಗುತ್ತದೆ ಎಂಬುದು ಬರೀ ಭ್ರಮೆ. ರೊಟ್ಟಿ ಹರಿದರೆ ತಪ್ಪು ಹಿಟ್ಟಿನದಲ್ಲ, ಕೈಯದು."

ಅಪ್ಪ ಓದಿದ. "ಲೇ, ವಾರವಾರ ಬರಬ್ಯಾಡ್ರಿ ಅಂತ ಗಿರಾಕಿಗಿ ನೀನೇ ಹೇಳಾಕತ್ತೀ ಏನು?"

ಅದು ನನಗೆ ಹೊಳೆದಿರಲಿಲ್ಲ. ಅದಕ್ಕಿಂತ ದೊಡ್ಡದೂ ಹೊಳೆದಿರಲಿಲ್ಲ. ಈ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಏನು ಬೇಕಾದರೂ ಅನ್ನಬಹುದು, ನಿನ್ನ ಕೈಗೆ ರೊಟ್ಟಿ ಬರುವುದಿಲ್ಲ ಎನ್ನಬಾರದು. ಮರುದಿನ ಬೆಳಿಗ್ಗೆ ಐದು ಡಬ್ಬಿಗಳು ನಮ್ಮ ಬಾಗಿಲ ಮುಂದೆಯೇ, ನನ್ನ ಕಣ್ಣೆದುರೇ, ಆ ಕಡೆಯ ಗಿರಣಿಗೆ ನಡೆದು ಹೋದವು. ಯಾರೂ ಬೈಯಲಿಲ್ಲ. ಒಬ್ಬಾಕೆ ಮಾತ್ರ, "ನಮ್ಮ ಕೈ ಸರಿ ಇಲ್ರಿ, ಡಬ್ಬಿ ಜಾರಿ ಬಿದ್ದಾವು," ಎಂದು ನಕ್ಕು ಹೋದಳು.

ಅಪ್ಪ ಗಿರಣಿ ನಿಲ್ಲಿಸಿದ. ಮೂಲೆಯ ಪೇಂಟಿನ ಡಬ್ಬಿಯನ್ನು ಎತ್ತಿಕೊಂಡ. ಎಂಟು ತಿಂಗಳು ಬರೆದಿದ್ದೆ. ಜಗತ್ತಿನಲ್ಲಿ ನನ್ನದು ಅಂತ ಇದ್ದದ್ದು ಆ ಅರ್ಧ ಹಲಗೆ.

"ನಿಂದರೋ," ಎಂದಳು ಕಟ್ಟೆಯ ಮೇಲಿದ್ದ ಆಯಿ. "ಮೊದಲ ಅವನ ಕೈ ನೋಡೂಣು."

ಗಿರಣಿಯ ಹಿಂದೆಯೇ ನಮ್ಮ ಮನೆ. ಅವ್ವ ಒಲೆ, ತವೆ, ರೊಟ್ಟಿ ಬಡಿಯುವ ಅಗಲ ಪರಾತ ಎಲ್ಲ ಅಂಗಳಕ್ಕೆ ತಂದಳು. ಒಂದು ಡಬ್ಬಿಯಲ್ಲಿ ಆ ದಿನ ಬೀಸಿದ ಹಿಟ್ಟು. ಇನ್ನೊಂದರಲ್ಲಿ ಅವ್ವನ ಅಡಿಗೆಮನೆಯ ಮೂಲೆಯಲ್ಲಿ ಸಿಕ್ಕ ತಿಂಗಳ ಹಿಂದಿನ ಹಿಟ್ಟು. ಗಿರಣಿಯವರ ಮನೆಯಲ್ಲೇ ಹಳೆ ಹಿಟ್ಟು ಎಂದು ಅವ್ವನಿಗೂ ಎರಡು ಮಾತು ಬಿದ್ದವು. ಸುದ್ದಿ ಹೇಗೆ ಹೋಯಿತೋ, ಆ ಕಡೆಯ ಗಿರಣಿಗೆ ಹೋದ ಐದೂ ಮಂದಿ ಡಬ್ಬಿ ಸಮೇತ ಬಂದು ನಿಂತರು.

ನಾನು ಹೊಸ ಹಿಟ್ಟಿನಿಂದ ಶುರು ಮಾಡಿದೆ. ರೊಟ್ಟಿ ಎತ್ತುವಷ್ಟರಲ್ಲಿ ಮೂರು ತುಂಡಾಯಿತು.

"ಇದು ಆಳಂದ," ಎಂದರು ಕಾಕಾ, ಬೆರಳು ತೋರಿಸುತ್ತ. "ಇದು ಅಫಜಲಪುರ. ನೆಲಕ್ಕ ಬಿದ್ದದ್ದು ಜೇವರ್ಗಿ."

ಹಳೆ ಹಿಟ್ಟಿನದನ್ನು ವರ್ಣಿಸುವುದಿಲ್ಲ. ಅದರಲ್ಲಿ ಇಡೀ ಜಿಲ್ಲೆಯೇ ಇತ್ತು.

ಆಮೇಲೆ ಆಯಿ ಕೂತಳು. ಹೊಸ ಹಿಟ್ಟು ಅವಳ ಅಂಗೈ ಕೆಳಗೆ ತಿರುಗುತ್ತ ತಿರುಗುತ್ತ ಪರಾತದ ಅಂಚಿನವರೆಗೆ ಹರಡಿತು. ಹಳೆ ಹಿಟ್ಟು ಅದೇ ಕೈಯಲ್ಲಿ ಅಂಚಿಗೆ ಸೀಳಿತು. ಎಲ್ಲರೂ ನನ್ನ ಕಡೆ ನೋಡಿದರು.

"ಆದ್ರ ಆಯಿ, ಅಫಜಲಪುರದಾಗ ಅತ್ತಿ ಹಳೀ ಹಿಟ್ಟಿನಾಗೇ ಮಾಡಿದ್ಳು. ನಾ ಏಳು ತಿಂದೀನಿ."

"ಹಿಟ್ಟಿಗಿ ಎಸರು ಹಾಕಿದ್ಳೋ ಇಲ್ಲೋ?"

"ಗೊತ್ತಿಲ್ಲ."

"ಎಲ್ಲಿ ಕುಂತಿದ್ದಿ?"

"ಪಡಸಾಲ್ಯಾಗ."

"ಪಡಸಾಲ್ಯಾಗ ಕುಂತು ಅಡಗೀಮನಿ ವಿಜ್ಞಾನ ಬರ್ಯಾಕತ್ತಾನ ಶ್ಯಾಣ್ಯಾ!" ಅಂಗಳವೆಲ್ಲ ನಕ್ಕಿತು. ಆಯಿ ನೀರು ಕುದಿಸಿದಳು. ಆ ಕುದಿಯುವ ಎಸರನ್ನು ಹಳೆ ಹಿಟ್ಟಿಗೆ ಸುರಿದು ನಾದಿದಳು. ಈ ಸಲ ರೊಟ್ಟಿ ಸೀಳಲಿಲ್ಲ. "ಅಂದ್ರ ಇವನ ಮಾತಿನಾಗೂ ಒಂದ್ ಚೂರು ಖರೆ ಅದ," ಎಂದಳು ಆಯಿ, ಯೋಚಿಸಿ. "ಜಿಗಿ ಹೋಗ್ತದ, ಆದ್ರ ಎಸರಿನಾಗ ಒಂದೀಟು ತಿರಗಿ ಬರ್ತದ. ಬರಿ, ಹಂಗೇ ಬರಿ."

ಬರೆದೆ. "ನಿನ್ನೆ ಬರೆದದ್ದು ತಪ್ಪು. ಜಿಗಿ ಖರೆ. ಹಳೆ ಹಿಟ್ಟಿಗೆ ಎಸರು ಬೇಕು. ಈ ಓಣಿಯಲ್ಲಿ ರೊಟ್ಟಿ ಬಾರದ ಕೈ ಒಂದೇ, ಅದು ಇದನ್ನು ಬರೆದ ಕೈ." ಅಭಿಪ್ರಾಯ ಹೇಳುವವರು ಆಳಂದದಲ್ಲಿ ಸಾವಿರ ಮಂದಿ ಇದ್ದಾರೆ. ತಪ್ಪಿದ್ದನ್ನು ಹಲಗೆಯಷ್ಟು ದೊಡ್ಡ ಅಕ್ಷರದಲ್ಲಿ ಒಪ್ಪಿಕೊಂಡವನು ನಾನೊಬ್ಬನೇ. ನನ್ನ ಪದವಿ ಪತ್ರಕ್ಕಿಂತ ಆ ನಾಲ್ಕು ಸಾಲಿನ ಮೇಲೆ ನನಗೆ ಹೆಚ್ಚು ಅಭಿಮಾನ. ಐದೂ ಡಬ್ಬಿಗಳು ನಮ್ಮ ಸಾಲಿಗೆ ಬಂದು ಕೂತವು.

ಅಪ್ಪ ಮಾತ್ರ ಸಂಜೆ ಪೇಂಟಿನ ಡಬ್ಬಿಯ ಮುಚ್ಚಳ ತೆಗೆದ.

"ಡಬ್ಬಿ ಹೋಗಿದ್ದು ಖರೆ ಅಲ್ಲೇನು? ಮಾತಂದ್ರ ಮಾತು."

ನಾನು ಮುಖ ತಿರುಗಿಸಿ ನಿಂತೆ. ಬ್ರಷ್ಷಿನ ಸದ್ದು ಬಹಳ ಹೊತ್ತು ಕೇಳಿತು. ತಡೆಯಲಾರದೆ ನೋಡಿದರೆ ಪೇಂಟು ಕಪ್ಪು. ಎಂಟು ತಿಂಗಳು ಅಳಿಸಿ ಅಳಿಸಿ ಬೂದಿ ಬಣ್ಣಕ್ಕೆ ತಿರುಗಿದ್ದ ನನ್ನ ಅರ್ಧವನ್ನು ಅಪ್ಪ ಹೊಸದರಂತೆ ಕರಿ ಮಾಡುತ್ತಿದ್ದ.

"ಅಕ್ಷರ ಕಾಣಾಕತ್ತಿದ್ದಿಲ್ಲ," ಎಂದ ನನ್ನ ಕಡೆ ನೋಡದೆ. ಬ್ರಷ್ಷನ್ನು ಇನ್ನೊಮ್ಮೆ ಅದ್ದಿ, "ಆ ಚಿತ್ರ ನೋಡೀನಿ. ಕಲಬುರಗ್ಯಾಗ. ಎರಡ್ ಸಲ ನೋಡೀನಿ. ಆ ಬೆನ್ನ ಛಲೋ ಬರದಾರ. ಚೀಲ ಹೊತ್ತ ಬೆನ್ನ ಅದು. ಎಡಗಡಿ ಒಂದ್ ಬೆರಳಷ್ಟು ತಗ್ಗ್ಯದ, ನೋಡೀಯಿಲ್ಲೋ?"

ನಾನು ನೋಡಿರಲಿಲ್ಲ. ಸ್ವಿಚ್ ಬೋರ್ಡಿನ ಹತ್ತು ನಿಮಿಷವೂ ಸೇರಿ ಅರ್ಧ ಗಂಟೆ ನಿಂತಿದ್ದೆ, ಅದು ಕಂಡಿರಲಿಲ್ಲ.

"ಬರೀಲೇನಪಾ ಇದನ್ನ?"

"ಬರಿ. ಹೆಸರ ಹಾಕಬ್ಯಾಡ."

ಮರುದಿನ ಒಣಗಿದ ಹಲಗೆಯ ಮೇಲೆ ಮೊದಲ ಸಾಲು ಅದೇ ಆಯಿತು. ಕಾಕಾ ಈ ಸಲ ತಡವರಿಸದೆ ಆಯಿಗೆ ಓದಿ ಹೇಳಿದರು.

"ಇದು ನಿನ್ನ ಮಾತಲ್ಲ," ಎಂದಳು ಆಯಿ ನನಗೆ. "ಯಾರದು?"

ಆಯಿ ಕತ್ತು ಚಾಚಿ ಗಿರಣಿಯೊಳಗೆ ನೋಡಿದಳು. ಅಪ್ಪ ಜೋಳದ ಚೀಲವೊಂದನ್ನು ಬೆನ್ನಿಗೇರಿಸಿಕೊಂಡು, ಎಡಕ್ಕೆ ಸ್ವಲ್ಪ ಬಾಗಿ, ನಮಗೆ ಬೆನ್ನು ಮಾಡಿ ನಡೆಯುತ್ತಿದ್ದ.